ಮಾತ್ರೆ ಕೊಟ್ಟ ಕೈ

"ಯಾವ ಮಾತ್ರೆ ಅಂತ ಗೊತ್ತಾಗದೆ ನಾನೇನೂ ಮಾಡೋಕಾಗಲ್ಲ" ಎಂದರು ಡಾಕ್ಟರಮ್ಮ. ಅವರ ಎರಡೂ ಕೈ ದೊರೆಯ ಪಕ್ಕೆಯ ಮೇಲಿದ್ದವು.

ದೊರೆ ಅಂದರೆ ನಾಯಿ, ನನ್ನ ಅಣ್ಣನದು. ಆಸ್ಪತ್ರೆಯ ಸ್ಟೀಲ್ ಮೇಜಿನ ಮೇಲೆ ನಾಲ್ಕೂ ಕಾಲು ಚಾಚಿ ಬಿದ್ದಿತ್ತು. ನಾಲಿಗೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಮೂತಿಗೆ ಆಮ್ಲಜನಕದ ಕೊಳವೆ ಹಾಕಿ, ಕಂಬಳಿ ಹೊದಿಸಿ, ಹೊಟ್ಟೆಯ ಹತ್ತಿರ ಬಿಸಿನೀರಿನ ಚೀಲ ಇಟ್ಟಿದ್ದರು. ಆದರೂ ಕಿವಿ ಮುಟ್ಟಿದರೆ ತಣ್ಣಗಿತ್ತು.

"ಕಣ್ಣಿಗೆ ಬೆಳಕು ಬಿಟ್ಟು ನೋಡಿದೆ. ಇದು ಸೆಖೆನೂ ಅಲ್ಲ, ಗಾಳಿ ಸಾಲದೆ ಆಗಿದ್ದೂ ಅಲ್ಲ. ಯಾರೋ ನಿದ್ದೆ ಮಾತ್ರೆ ಕೊಟ್ಟು ವಿಮಾನ ಹತ್ತಿಸಿದ್ದಾರೆ. ಅದರಲ್ಲಿ ನೂರೆಂಟು ಜಾತಿ ಇದೆ. ಕೆಲವದಕ್ಕೆ ಇಳಿಸೋ ಇಂಜೆಕ್ಷನ್ ಇದೆ, ಕೆಲವದಕ್ಕೆ ಇಲ್ಲ. ಊಹೆ ಮೇಲೆ ಏನೋ ಒಂದು ಚುಚ್ಚಿ ಅದು ತಪ್ಪಾದ್ರೆ ಇರೋ ಉಸಿರೂ ಹೋಗುತ್ತೆ."

"ರಕ್ತ ಪರೀಕ್ಷೆ?"

"ಕಳಿಸಿದ್ದೀನಿ. ಉತ್ತರ ಬರೋದು ನಾಳೆ. ಇವನು ನಾಳೆವರೆಗೆ ಕಾಯೋ ಹಾಗಿಲ್ಲ." ಅವರು ತಲೆ ಎತ್ತಿ ನನ್ನನ್ನು ನೋಡಿದರು. "ನೀವು ಪತ್ತೇದಾರರಂತಲ್ಲ. ಪತ್ತೆ ಮಾಡ್ಕೊಂಡು ಬನ್ನಿ. ಅಲ್ಲಿವರೆಗೆ ಉಸಿರು ನಾನು ನೋಡ್ಕೋತೀನಿ."

ಅಣ್ಣನ ಮರದ ಕಾರ್ಖಾನೆ ಹೊತ್ತಿ ಉರಿದು, ಬೂದಿಯಲ್ಲಿ ಸಿಕ್ಕ ದೇಹವನ್ನು ಕೈಗಡಿಯಾರದಿಂದ ಗುರುತು ಹಿಡಿದು ನಾವು ಮಣ್ಣು ಮಾಡಿ ಅರ್ಧ ವರ್ಷವಾಗಿತ್ತು. ಆಮೇಲೆ ಅತ್ತಿಗೆ ದೂರದ ತವರಿಗೆ ಹೊರಟುಹೋದರು, ನಾಯಿ ನನ್ನ ಪಾಲಿಗೆ ಉಳಿಯಿತು. ಈಚೆಗೆ ಅತ್ತಿಗೆ ಫೋನು ಮಾಡಿ, "ದೊರೇನ ಕಳಿಸು ಪುಟ್ಟಿ, ಅವರದು ಅಂತ ಇರೋದು ಅದೊಂದೇ" ಎಂದಿದ್ದರು. ಹಾಗಾಗಿ ಈ ಬೆಳಿಗ್ಗೆ ನಾನೂ ದೊರೆಯೂ ಒಂದೇ ವಿಮಾನದಲ್ಲಿ ಬಂದೆವು. ನಾನು ಮೇಲೆ ಸೀಟಿನಲ್ಲಿದ್ದೆ, ದೊರೆ ಕೆಳಗೆ ಸಾಮಾನಿನ ಜೊತೆ ಗೂಡಿನಲ್ಲಿತ್ತು. ಇಳಿದ ಮೇಲೆ, ಕರೆದೊಯ್ಯಲು ಬಂದಿದ್ದ ಅತ್ತಿಗೆಯ ಎದುರಿಗೇ ಗೂಡು ತೆರೆದರೆ ದೊರೆ ಏಳಲಿಲ್ಲ.

ಅಣ್ಣನನ್ನು ಮಣ್ಣು ಮಾಡಿದ ದಿನದಿಂದ ನನಗೆ ಅಳು ಬಂದಿಲ್ಲ. ಕಾಫಿ ಕಹಿಯಾದರೆ ತಿಳಿಯುತ್ತದೆ, ಚಪ್ಪಲಿ ಕಚ್ಚಿದರೆ ತಿಳಿಯುತ್ತದೆ, ದುಃಖ ಮಾತ್ರ ತಿಳಿಯುವುದಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ನಾನು ಇಡೀ ಹಾಗಿದ್ದೇನೆ. ಮೇಜಿನ ಮೇಲೆ ದೊರೆ ಸಾಯುತ್ತಿದ್ದರೂ ನಾನು ಗೋಡೆಯ ಟೈಲ್ಸ್ ಎಷ್ಟು ಬೆಳ್ಳಗಿದೆ ಎಂದು ನೋಡುತ್ತಿದ್ದೆ.

"ಒಂದು ನಿಮಿಷ" ಎಂದರು ಡಾಕ್ಟರಮ್ಮ. "ಬಾಯಿ ತೊಳೆಯುವಾಗ ದವಡೆ ಸಂದಿಯಲ್ಲಿ ಇದು ಸಿಕ್ತು."

ಸಣ್ಣ ಬಟ್ಟಲಿನಲ್ಲಿ ಉಗುರಿನಷ್ಟು ಮುದ್ದೆ. ಬಿಳಿ ಬ್ರೆಡ್ಡಿನ ತಿರುಳು, ಅದರೊಂದಿಗೆ ಮಿದ್ದ ಬಾಳೆಹಣ್ಣು. ನಾನು ಮೂಸಿ ನೋಡಿ ಬಟ್ಟಲನ್ನು ಕೆಳಗಿಟ್ಟೆ.

ನಮ್ಮ ಮನೆಯಲ್ಲಿ ದೊರೆಗೆ ಮಾತ್ರೆ ಕೊಡುವ ರೀತಿ ಒಬ್ಬೊಬ್ಬರದು ಒಂದೊಂದು. ನಾನಾದರೆ ದವಡೆ ಅಗಲಿಸಿ ಗಂಟಲಿಗೆ ತಳ್ಳಿ ಮೂತಿ ಹಿಡಿದುಕೊಳ್ಳುತ್ತೇನೆ, ಮುಗಿಯಿತು. ಅತ್ತಿಗೆ ಪುಡಿ ಮಾಡಿ ಹಾಲಿಗೆ ಕಲಸುತ್ತಾರೆ. ಅಣ್ಣ ಮಾತ್ರ ಬ್ರೆಡ್ಡಿನ ತಿರುಳಿಗೆ ಬಾಳೆಹಣ್ಣು ಮಿದ್ದು, ಗೋಲಿ ಕಟ್ಟಿ, ಅದರ ಹೊಟ್ಟೆಯೊಳಗೆ ಮಾತ್ರೆ ಅಡಗಿಸಿ, "ಬನ್ನಿ ಮಹಾಸ್ವಾಮಿ" ಎಂದು ಮಂಡಿಯೂರಿ ಕೂರುತ್ತಿದ್ದ. ನನಗೆ ಜ್ವರ ಬಂದಾಗ ಒಂದು ಲೋಟ ನೀರು ತಂದುಕೊಟ್ಟವನಲ್ಲ, ನಾಯಿಗೆ ಈ ಉಪಚಾರ ಎಂದು ನಾನು ರೇಗುತ್ತಿದ್ದೆ.

ಬ್ರೆಡ್ಡು, ಬಾಳೆಹಣ್ಣು ಎಲ್ಲರ ಮನೆಯಲ್ಲೂ ಇರುತ್ತವೆ. ಯಾರು ಬೇಕಾದರೂ ಮಿದಿಯಬಹುದು. ಹಾಗಂದುಕೊಂಡೇ ಹೊರಗೆ ಬಂದೆ.

ಹೊರಗೆ ಬೆಂಚಿನ ಮೇಲೆ ಗೂಡು ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾಯಿ ಬೆಕ್ಕುಗಳನ್ನು ವಿಮಾನದಲ್ಲಿ ಊರಿಂದೂರಿಗೆ ಮುಟ್ಟಿಸುವುದು ಅವರ ಕಸುಬು. ಮೊದಲು ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದರಂತೆ. ಈಗ ನಾಯಿಗಳಿಗೆ ಗೂಡಿನಲ್ಲಿ ಮಲಗುವುದನ್ನು ಕಲಿಸುತ್ತಾರೆ, ಆಮೇಲೆ ತಾವೂ ಅದೇ ವಿಮಾನ ಹತ್ತಿ ಜೊತೆಗೆ ಬರುತ್ತಾರೆ. ಆಗಲೇ ವಿಮಾನ ನಿಲ್ದಾಣದ ಯಾರೋ ಅಧಿಕಾರಿ ಬಂದು ಅವರ ಕೊರಳಿನ ಪಾಸು ಕಿತ್ತುಕೊಂಡು ಹೋಗಿದ್ದ.

"ನಾನು ಕೊಟ್ಟಿಲ್ಲ ಮೇಡಂ" ಎಂದರು ಅವರು, ನಾನು ಬಾಯಿ ತೆರೆಯುವ ಮೊದಲೇ.

"ನೀವು ಕೊಟ್ಟಿದ್ರೆ ದೊರೆ ತಿಂತಾನೇ ಇರ್ಲಿಲ್ಲ ಬಿಡಿ."

ಅದು ನಿಜ. ವಾರಗಟ್ಟಲೆ ನನ್ನ ಮನೆಗೆ ಬಂದು, ಗೂಡನ್ನು ನಡುಮನೆಯಲ್ಲಿಟ್ಟು, ಬಾಗಿಲು ತೆರೆದೇ ಇಟ್ಟು, ಮೊದಲು ತಲೆ ಹಾಕಲು, ಆಮೇಲೆ ಒಳಗೆ ಹೋಗಲು, ಆಮೇಲೆ ನಿದ್ದೆ ಮಾಡಲು ದೊರೆಗೆ ಕಲಿಸಿದವರು ಅವರೇ. ಅಷ್ಟಾದರೂ ಅವರ ಕೈಯಿಂದ ಒಂದು ಬಿಸ್ಕತ್ತು ದೊರೆ ಮುಟ್ಟಲಿಲ್ಲ. ಅಣ್ಣ ಅದನ್ನು ಹಾಗೆ ಬೆಳೆಸಿದ್ದ. ಮನೆಯವರ ಕೈಯಾದರೆ ತಿನ್ನುತ್ತದೆ, ಬೇರೆಯವರದಾದರೆ ಮುಖ ತಿರುಗಿಸಿ ಕೂರುತ್ತದೆ. ಕೊನೆಗೆ ಮೇಷ್ಟ್ರು ತಂದ ಬಿಸ್ಕತ್ತನ್ನು ನಾನು ಇಸಿದುಕೊಂಡು ಕೊಡಬೇಕಾಗುತ್ತಿತ್ತು.

"ಬೆಳಿಗ್ಗೆಯಿಂದ ಅದರ ಹೊಟ್ಟೆಗೆ ನಾನು ಏನೂ ಬೀಳೋಕೆ ಬಿಟ್ಟಿಲ್ಲ" ಎಂದರು ಮೇಷ್ಟ್ರು. "ನೀರಿನ ಬಟ್ಟಲನ್ನ ಫ್ರೀಜರಿನಲ್ಲಿಟ್ಟು ಮಂಜುಗಡ್ಡೆ ಮಾಡಿ ಸಿಗಿಸಿದ್ದೆ. ಚೆಲ್ಲಬಾರದು, ಹೋಗ್ತಾ ಹೋಗ್ತಾ ಕರಗಲಿ, ನೆಕ್ಕಲಿ ಅಂತ. ನೀವು ಹೊದ್ದ ಶಾಲು ಒಗೀದೆ ಹಾಗೇ ಹಾಸಿದ್ದೆ, ಮನೆ ವಾಸನೆ ಇರ್ಲಿ ಅಂತ. ಇಷ್ಟೆಲ್ಲ ಮಾಡೋನು ನಿದ್ದೆ ಮಾತ್ರೆ ಕೊಡ್ತೀನಾ? ಅದನ್ನ ಕೊಟ್ರೆ ರಕ್ತದ ಒತ್ತಡ ಇಳಿಯುತ್ತೆ, ಮೈ ತಣ್ಣಗಾಗುತ್ತೆ. ಮೇಲೆ ಹೋದ ಮೇಲೆ ಉಸಿರಾಟ ಕೆಟ್ರೆ ನೋಡೋರಾದ್ರೂ ಯಾರಿರ್ತಾರೆ?"

"ಹಾಗಾದ್ರೆ ಯಾರು ಕೊಟ್ಟಿರ್ತಾರೆ? ಅಣ್ಣನಿಗೆ ಆಗದವರು ಯಾರಾದ್ರೂ?"

ಮೇಷ್ಟ್ರು ನನ್ನನ್ನು ಪಾಠ ತಪ್ಪಿದ ಹುಡುಗಿಯನ್ನು ನೋಡುವಂತೆ ನೋಡಿದರು. "ನಾಯಿ ಸಾಯ್ಲಿ ಅನ್ನೋನು ಇಲಿ ಪಾಷಾಣ ಹಾಕ್ತಾನೆ ಮೇಡಂ. ನಿದ್ದೆ ಮಾತ್ರೆ ಕೊಡೋರು ನಾಯಿ ಅಂದ್ರೆ ಪ್ರಾಣ ಬಿಡೋರು. ಬೇಡ ಬೇಡ ಅಂತ ಕೈಮುಗಿದು ಹೇಳಿರ್ತೀನಿ. ಹೂಂ ಹೂಂ ಅಂತಾರೆ, ನಾನು ಆ ಕಡೆ ತಿರುಗಿದ ತಕ್ಷಣ ಕದ್ದು ಕೊಡ್ತಾರೆ. ಪಾಪ, ಶಬ್ದಕ್ಕೆ ಹೆದರಬಾರದು, ಹಾಯಾಗಿ ಮಲ್ಕೊಂಡು ಹೋಗ್ಲಿ ಅಂತ. ನನ್ನ ಕಸುಬಲ್ಲಿ ದೊಡ್ಡ ಕಾಟ ಅಂದ್ರೆ ಈ ಪ್ರೀತಿನೇ."

ಡಾಕ್ಟರಮ್ಮನ ಮಾತು ಕೇಳಿದಾಗಿನಿಂದ ನಾನು ದ್ವೇಷದ ಬೆನ್ನು ಹತ್ತಿ ಹೊರಟಿದ್ದೆ. ಅಣ್ಣನಿಗೆ ಸಾಲ ಕೊಟ್ಟವರು, ಕೆಲಸ ಬಿಟ್ಟವರು, ಪಕ್ಕದ ಸೈಟಿನವರು ಎಂದು ಮುಖಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೆ. ಆ ಮುಖಗಳೆಲ್ಲ ಒಟ್ಟಿಗೆ ಎದ್ದುಹೋದವು.

"ಮೇಷ್ಟ್ರೇ, ವಿಮಾನಕ್ಕೆ ಏರಿಸೋ ಮುಂಚೆ ಗೂಡು ಸಾಮಾನಿನ ಶೆಡ್ಡಿನಲ್ಲಿತ್ತಲ್ಲ. ನಾನು ತಪಾಸಣೆ ಸಾಲಿನಲ್ಲಿದ್ದೆ. ನೀವು?"

"ಪಕ್ಕದ ಕಿಟಕಿಲಿ, ಕಾಗದಕ್ಕೆ ಮೊಹರು ಹಾಕಿಸೋಕೆ. ಕಣ್ಣು ಇತ್ಲಾಗೇ ಇತ್ತು."

"ಗೂಡಿನ ಹತ್ರ ಯಾರು ಬಂದ್ರು?"

"ಯಾರೂ ಇಲ್ಲ. ಸಾಮಾನು ಏರಿಸೋ ಲೋಡರ್ ಒಬ್ಬ, ಅಷ್ಟೇ. ಟೋಪಿ, ಜಾಕೆಟ್ಟು, ಮೂಗಿಗೆ ಬಟ್ಟೆ. ಕುಕ್ಕರುಗಾಲಲ್ಲಿ ಕೂತು ಬಾಗಿಲಿನ ಜಾಲರಿ ಒಳಗೆ ಬೆರಳು ಹಾಕಿದ್ದ. ಏಯ್ ಕಚ್ಚುತ್ತೆ ಅಂತ ಕೂಗಬೇಕು ಅಂತಿದ್ದೆ. ಕೂಗಲಿಲ್ಲ."

"ಯಾಕೆ?"

"ದೊರೆಯ ಬಾಲ ಮೇಡಂ. ಗೂಡಿನ ಗೋಡೆಗೆ ಧಬ ಧಬ ಅಂತ ಬಡೀತಿತ್ತು. ಇಷ್ಟು ದಿನದಲ್ಲಿ ಅದು ಬಾಲ ಅಲ್ಲಾಡಿಸಿದ್ದು ನಾನು ನೋಡೇ ಇರ್ಲಿಲ್ಲ. ನನಗೆ ಖುಷಿಯಾಯ್ತು. ಹೊರಡೋ ಹೊತ್ತಿಗಾದ್ರೂ ಗೆಲುವಾಯ್ತಲ್ಲ ಅಂದ್ಕೊಂಡು ಸುಮ್ಮನಾದೆ."

ನಾನೂ ಅರ್ಧ ವರ್ಷದಿಂದ ಆ ಬಾಲ ಅಲ್ಲಾಡಿದ್ದನ್ನು ನೋಡಿರಲಿಲ್ಲ. ಎದೆ ಧಸಕ್ಕೆನ್ನಬೇಕಿತ್ತು. ಏನೂ ಅನ್ನಲಿಲ್ಲ. ನಾನು ಬೆಂಚಿನಿಂದ ಎದ್ದು, ಸೀರೆಯ ನೆರಿಗೆ ಸರಿ ಮಾಡಿಕೊಂಡು, ಅತ್ತಿಗೆಯನ್ನು ಹುಡುಕಿಕೊಂಡು ಹೋದೆ.

ಹಿಂದಿನ ಕೋಣೆಯಲ್ಲಿ ಖಾಲಿ ಗೂಡನ್ನು ಇಟ್ಟಿದ್ದರು. ಅತ್ತಿಗೆ ಅದರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಒಳಗೆ ಹಾಸಿದ್ದ ನನ್ನ ಶಾಲನ್ನು ಮಡಿಸುತ್ತಿದ್ದರು. ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. ಬಟ್ಟೆ ಹೊಲಿಯುವ ಕೈ, ಅಂಚಿಗೆ ಅಂಚು ಸರಿಯಾಗಿ ಕೂರಬೇಕು.

"ಏನಂದ್ರು ಡಾಕ್ಟ್ರು?"

"ಮಾತ್ರೆ ಹೆಸರು ಬೇಕಂತೆ. ಗೊತ್ತಾಗದಿದ್ರೆ ಉಳಿಯಲ್ಲ ಅಂದ್ರು."

ಅತ್ತಿಗೆ ಶಾಲು ಬಿಚ್ಚಿದರು.

"ಅತ್ತಿಗೆ, ನಾವು ಇಳಿದ ಮೇಲೆ ಗೂಡಿನ ಬಾಗಿಲು ತೆಗೆದಾಗ ನೀವೊಂದು ಮಾತು ಕೇಳಿದ್ರಿ."

"ಏನು ಕೇಳಿದೆ?"

"ನಿದ್ದೆ ಮಾತ್ರೆ ಕೊಟ್ರೆ ಹೀಗಾಗುತ್ತಾ ಅಂತ."

"ಗಾಬರಿಲಿ ಬಾಯಿಗೆ ಏನೇನೋ ಬರುತ್ತೆ."

"ಮೇಷ್ಟ್ರು ಸೆಖೆ ಅಂದ್ರು. ನಾನು ಗಾಳಿ ಸಾಲಲಿಲ್ಲ ಅಂದೆ. ಡಾಕ್ಟರಮ್ಮಂಗೂ ಪರೀಕ್ಷೆ ಮಾಡಿದ ಮೇಲೇನೇ ಗೊತ್ತಾಗಿದ್ದು. ನಿಮಗೆ ಮಾತ್ರ ಬಾಗಿಲಲ್ಲೇ ಗೊತ್ತಾಯ್ತು." ಆಗ ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

"ಪುಟ್ಟಿ, ನನ್ನ ಹತ್ರಾನೇ ಪತ್ತೇದಾರಿ ಮಾಡ್ತಿದ್ದೀಯಾ?"

"ಏನು ಮಾಡೋದು ಅತ್ತಿಗೆ, ಬೇರೆ ಕಸುಬು ಕಲೀಲಿಲ್ಲ."

ಅವರು ನಗಲಿಲ್ಲ. ನಾನು ಇನ್ನೊಂದು ಕುರ್ಚಿ ಎಳೆದುಕೊಂಡು ಎದುರಿಗೇ ಕೂತೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರವಿದ್ದೆವು.

"ದವಡೇಲಿ ಬ್ರೆಡ್ಡಿನ ಗೋಲಿ ಸಿಕ್ತು, ಬಾಳೆಹಣ್ಣು ಮಿದ್ದಿದ್ದು."

ಅತ್ತಿಗೆಯ ಕೈ ಶಾಲಿನ ಮೇಲೆಯೇ ನಿಂತಿತು.

"ನಾನು ಹಾಗೆ ಕೊಡಲ್ಲ, ನೀವೂ ಕೊಡಲ್ಲ" ಎಂದೆ. "ಬೇರೆಯವರು ಕೊಟ್ರೆ ಅದು ತಿನ್ನಲ್ಲ. ಶೆಡ್ಡಲ್ಲಿ ಅದು ಬಾಲ ಬಡಿದು ಬಡಿದು ತಿಂದಿದೆ."

"ನಿನ್ನಣ್ಣ ಸತ್ತಿದ್ದಾರೆ ಪುಟ್ಟಿ. ಮಣ್ಣು ಹಾಕುವಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ."

"ಹಾಗಾದ್ರೆ ಸತ್ತೋನು ಎದ್ದು ಬಂದು ಬಾಳೆಹಣ್ಣು ಮಿದ್ದನಾ ಅತ್ತಿಗೆ?"

ಮಾತು ಒರಟಾಯಿತು. ಆಡಿದ ಮೇಲೆ ಅಯ್ಯೋ ಎನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅತ್ತಿಗೆ ನನ್ನ ಮುಖದಲ್ಲಿ ಏನನ್ನೋ ಹುಡುಕಿದರು. ಅಲ್ಲಿ ಅವರಿಗೆ ಸಿಗುವಂಥದ್ದು ಏನೂ ಇರಲಿಲ್ಲ. ಗೋಡೆಯ ಆ ಬದಿಯಲ್ಲಿ ಆಮ್ಲಜನಕದ ಯಂತ್ರ ಗುಯ್ಗುಡುತ್ತಿತ್ತು.

"ನನಗೇನೂ ಗೊತ್ತಿಲ್ಲ" ಎಂದರು.

"ಆಯ್ತು, ಬಿಡಿ. ನಾನು ಹೆಸರೇನೂ ಕೇಳಲ್ಲ, ಊರೂ ಕೇಳಲ್ಲ. ಮಾತ್ರೆ ಯಾವುದು ಅಂತ ಮಾತ್ರ ಹೇಳಿ."

"ಗೊತ್ತಿಲ್ಲ ಅಂದೆನಲ್ಲ!"

"ನಿಮಗೆ ಗೊತ್ತಿರ್ಲಿಕ್ಕಿಲ್ಲ. ಗೊತ್ತಿರೋರು ಯಾರು ಅಂತ ಗೊತ್ತಲ್ಲ?"

ಬಾಗಿಲು ತೆರೆಯಿತು. ಡಾಕ್ಟರಮ್ಮ ತಲೆಯಷ್ಟೇ ಒಳಗೆ ಹಾಕಿದರು. "ಉಸಿರು ಇಳೀತಾ ಇದೆ. ಮಧ್ಯೆ ಮಧ್ಯೆ ನಿಲ್ತಾ ಇದೆ. ಏನಾದ್ರೂ ಗೊತ್ತಾಯ್ತಾ?"

ನಾನು ಅತ್ತಿಗೆಯನ್ನೇ ನೋಡಿದೆ. ಅವರು ಶಾಲನ್ನು ಕುರ್ಚಿಯ ಮೇಲಿಟ್ಟು ಎದ್ದರು. ನನ್ನನ್ನು ದಾಟಿಕೊಂಡು, ಡಾಕ್ಟರಮ್ಮನನ್ನೂ ದಾಟಿಕೊಂಡು, ದೊರೆಯ ಮೇಜಿನ ಹತ್ತಿರ ಹೋದರು. ನಾನು ಹಿಂದೆಯೇ ಹೋದೆ.

ದೊರೆಯ ಪಕ್ಕೆ ಒಮ್ಮೆ ಏರಿ ಇಳಿಯಿತು. ಆಮೇಲೆ ಎಷ್ಟು ಹೊತ್ತಾದರೂ ಏರಲಿಲ್ಲ. ಡಾಕ್ಟರಮ್ಮ ಬಂದು ಎರಡೂ ಅಂಗೈ ಊರಿ ಒತ್ತಿದರು. ಮತ್ತೆ ಏರಿತು.

ಅತ್ತಿಗೆ ಕೈಚೀಲಕ್ಕೆ ಕೈ ಹಾಕಿ, ಒಳಗಿನ ಜಿಪ್ಪು ಎಳೆದು, ಒಂದು ಸಣ್ಣ ಫೋನು ತೆಗೆದರು. ಅದನ್ನು ನಾನು ಎಂದೂ ನೋಡಿರಲಿಲ್ಲ. ನನಗೆ ಕರೆ ಮಾಡುತ್ತಿದ್ದ ಫೋನು ಅವರ ಇನ್ನೊಂದು ಕೈಯಲ್ಲೇ ಇತ್ತು.

"ರೀ" ಎಂದರು ಅತ್ತಿಗೆ. "ಯಾವ ಮಾತ್ರೆ ಕೊಟ್ರಿ? ಬೇಗ ಹೇಳಿ. ಹೋಗ್ತಾ ಇದೆ ಅದು."

"ಸ್ಪೀಕರ್ ಹಾಕಿ, ನನ್ನ ಕೈ ಖಾಲಿ ಇಲ್ಲ" ಎಂದರು ಡಾಕ್ಟರಮ್ಮ.

ಅತ್ತಿಗೆ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಗುಂಡಿ ಒತ್ತಿದರು.

"ನಾನು ಮಲಗೋವಾಗ ತಗೊಳ್ಳೋ ಮಾತ್ರೆನೇ" ಎಂದಿತು ಫೋನು. "ಒಂದೂವರೆ ಕೊಟ್ಟೆ. ಹೆದರ್ಕೊಳ್ಳುತ್ತೆ ಅಂತ ಕೊಟ್ಟೆ ಕಣೇ, ಅದು ಪಟಾಕಿ ಶಬ್ದಕ್ಕೇ ಮಂಚದ ಕೆಳಗೆ ಹೋಗೋ ಪ್ರಾಣಿ. ಬೆಳಿಗ್ಗೆ ಕೊಟ್ಟೆ ಅಂತ ನಾನು ಹೇಳಿದಾಗ ನೀನು ಬೈದೆಯಲ್ಲ, ಆವಾಗ್ಲೇ ಭಯ ಆಯ್ತು. ಏನಾಯ್ತು? ಬದುಕಿದೆಯಾ?"

ಅದು ನನ್ನ ಅಣ್ಣನ ಧ್ವನಿ. ಮಾತಿನ ಕೊನೆಯಲ್ಲಿ ಸ್ವಲ್ಪ ಮೂಗಿನಿಂದ ಬರುವ ಅದೇ ಧ್ವನಿ. ನಾನು ಮೇಜಿನ ಅಂಚು ಹಿಡಿದುಕೊಂಡೆ. ಸ್ಟೀಲು ತಣ್ಣಗಿತ್ತು ಎಂಬುದೊಂದೇ ನನಗೆ ತಿಳಿದದ್ದು.

"ಹೆಸರು ಹೇಳಿ ಸರ್, ಹೆಸರು" ಎಂದರು ಡಾಕ್ಟರಮ್ಮ.

ಅಣ್ಣ ಹೆಸರು ಹೇಳಿದ. ಅವರು ಇನ್ನೊಮ್ಮೆ ಹೇಳಿಸಿಕೊಂಡರು, ಕಪಾಟು ತೆರೆದರು, ಸಿರಿಂಜು ತುಂಬಿದರು. "ಪುಣ್ಯಕ್ಕೆ ಇಳಿಸೋ ಮದ್ದಿರೋ ಜಾತಿನೇ. ಮನುಷ್ಯರ ಮಾತ್ರೆನೆಲ್ಲ ನಾಯಿಗೆ ಕೊಡ್ತಾರೇನ್ರೀ? ಆಯ್ತು, ಧೈರ್ಯವಾಗಿರಿ. ನಿಮ್ಮ ಮನೆಯವರು ಇಲ್ಲೇ ಇದ್ದಾರೆ. ನಿಮ್ಮ ತಂಗೀನೂ ಪಕ್ಕದಲ್ಲೇ ನಿಂತಿದ್ದಾರೆ, ನೀವೇನೂ ಯೋಚನೆ ಮಾಡಬೇಡಿ."

ಪಾಪ, ಆ ಹೆಂಗಸಿಗೇನು ಗೊತ್ತು. ಸಮಾಧಾನಕ್ಕೆಂದು ಹೇಳಿದ ಮಾತು.

ಫೋನಿನಲ್ಲಿ ಉಸಿರು ಕೇಳಿಸಿತು. ಆಮೇಲೆ ಅದೂ ನಿಂತಿತು, ಕರೆ ಕಡಿಯಿತು.

ಸೂಜಿ ಒಳಗೆ ಹೋಗಿ ಹೊರಗೆ ಬಂತು. ನಾವು ಮೂವರೂ ದೊರೆಯ ಪಕ್ಕೆಯನ್ನು ನೋಡುತ್ತ ನಿಂತೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಉದ್ದ ಉಸಿರು ಬಂತು, ಅದರ ಹಿಂದೆ ಇನ್ನೊಂದು. ಮುಂಗಾಲಿನ ಬೆರಳುಗಳು ಮೇಜನ್ನು ಕೆರೆದವು. ಡಾಕ್ಟರಮ್ಮ ಒಸಡು ಒತ್ತಿ ನೋಡಿ, "ಬಣ್ಣ ಬರ್ತಿದೆ, ಉಳೀತಾನೆ" ಎಂದು ಇನ್ನೊಂದು ಕಂಬಳಿ ತರಲು ಒಳಗೆ ಹೋದರು.

ಅಣ್ಣ ಬದುಕಿದ್ದಾನೆ ಎಂದು ಕುಣಿಯಬೇಕಿತ್ತು. ಇಷ್ಟು ದಿನ ಇಬ್ಬರೂ ಸೇರಿ ನನ್ನನ್ನು ಕೋಡಂಗಿ ಮಾಡಿದರಲ್ಲ ಎಂದು ಮೈಯೆಲ್ಲ ಉರಿಯಬೇಕಿತ್ತು. ಎರಡೂ ದೂರದಲ್ಲೆಲ್ಲೋ ಇದ್ದವು, ನನ್ನವರೆಗೆ ಬರಲಿಲ್ಲ.

"ಹೇಳ್ತಿದ್ದೆ ಪುಟ್ಟಿ" ಎಂದರು ಅತ್ತಿಗೆ. "ಇವತ್ತಲ್ಲ ನಾಳೆ ಹೇಳ್ತಿದ್ದೆ."

"ದೊರೆಗೆ ಹೀಗಾಗ್ದೇ ಇದ್ದಿದ್ರೂ ಹೇಳ್ತಿದ್ರಾ?"

ಅತ್ತಿಗೆ ದೊರೆಯ ತಲೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, ಅದರ ಕಿವಿಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಉಜ್ಜತೊಡಗಿದರು. ಕಣ್ಣಿಂದ ನೀರು ಇಳಿಯುತ್ತಿತ್ತು. ನನಗೆ ಬಾರದ ಅಳು ಅವರಿಗೆ ಎಷ್ಟು ಸಲೀಸಾಗಿ ಬರುತ್ತಿದೆ ಎಂದು ನೋಡುತ್ತ ನಿಂತೆ.

ಸಣ್ಣ ಫೋನು ಗುಯ್ಯೆಂದಿತು.

ಅತ್ತಿಗೆ ಅದನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ಚಾಚಿದರು. "ನಿನ್ನ ಹತ್ರ ಮಾತಾಡೋಕೇ ಇರ್ಬೇಕು. ತಗೋ. ಎಷ್ಟಾದ್ರೂ ಅಣ್ಣ ಅಲ್ವಾ."

ನಾನು ಕಿವಿಗೆ ಇಟ್ಟುಕೊಂಡೆ.

"ಪುಟ್ಟೀ" ಎಂದ ಅಣ್ಣ.

"ಹೂಂ."

"ಸ್ಪೀಕರ್ ಆಫ್ ಮಾಡಿದ್ದೀಯಾ?"

"ಹೂಂ."

"ಅವಳು ಹತ್ರ ಇದ್ದಾಳಾ?"

"ಹೂಂ."

"ಬರೀ ಹೂಂ ಅನ್ನು. ಮುಖದ ಮೇಲೆ ಏನೂ ತೋರಿಸಬೇಡ."

ಆ ಕೆಲಸ ಈಗ ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. "ಹೂಂ" ಎಂದೆ.

"ನಾನು ಸತ್ತೋನ ಹಾಗೆ ಅಡಗಿರೋದು ಸಾಲಕ್ಕಲ್ಲ ಪುಟ್ಟಿ, ಅವಳ ಭಯಕ್ಕೆ. ಅವಳು ಹೇಳಿದ ಹಾಗೆ ಕೇಳ್ಕೊಂಡು ಬಿದ್ದಿದ್ದೀನಿ. ಇವತ್ತು ಲೋಡರ್ ವೇಷ ಹಾಕ್ಕೊಂಡು ದೊರೇನ ನೋಡೋಕೆ ಹೋಗಿದ್ದು ಅವಳ ಮಾತು ಮೀರಿ." ಅವನ ಧ್ವನಿ ಇಳಿಯಿತು. "ಕಾರ್ಖಾನೆಗೆ ಬೆಂಕಿ ಹಚ್ಚಿದ್ದು ನಿನ್ನ ಅತ್ತಿಗೆ. ನನ್ನ ಗಡಿಯಾರ ಕಟ್ಟಿ ಒಳಗೆ ಮಲಗಿಸಿದ್ದು ಯಾರನ್ನ ಅಂತ ಅವಳು ನನಗೂ ಇನ್ನೂ ಹೇಳಿಲ್ಲ."

ದೊರೆ ಅರೆಗಣ್ಣು ತೆರೆದು ಅತ್ತಿಗೆಯ ಕಡೆ ನೋಡಿತು. ಅತ್ತಿಗೆ ಅದರ ಕಿವಿ ಉಜ್ಜುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತಿ, ಒದ್ದೆ ಕಣ್ಣಿನಲ್ಲೇ ಸ್ವಲ್ಪ ನಕ್ಕರು.

"ಏನಂತೆ ನಿನ್ನಣ್ಣಂಗೆ?"